ಗಾಜಿನ ಲೋಟ ಮತ್ತು ಚಿನ್ನದ ಊರು

ನನ್ನ ಮೊಮ್ಮಗಳು ಆರನೇ ತರಗತಿ. ಹೋದ ತಿಂಗಳು ಅವಳ ಟೀಚರ್ ಒಂದು ಡಬ್ಬದಲ್ಲಿ ಚೀಟಿಗಳನ್ನು ಹಾಕಿ, ಮಕ್ಕಳಿಗೆಲ್ಲ ಒಂದೊಂದು ಎತ್ತಲು ಹೇಳಿದರಂತೆ. ಚೀಟಿಯಲ್ಲಿ ಯಾವ ದೇಶದ ಹೆಸರಿದೆಯೋ ಆ ದೇಶದ ಒಬ್ಬ ಕಲಾವಿದರ ಬಗ್ಗೆ ಎರಡು ಪುಟ ಬರೆದು, ತರಗತಿಯ ಮುಂದೆ ನಿಂತು ಹೇಳಬೇಕು. ಅವಳ ಗೆಳತಿಗೆ ಇಟಲಿ ಬಂತು. ಪಕ್ಕದ ಬೆಂಚಿನ ಹುಡುಗನಿಗೆ ಸ್ಪೇನ್. ನಮ್ಮ ಪುಟ್ಟಿಗೆ ಬಂದದ್ದು ಫಿನ್‌ಲೆಂಡ್. ಮನೆಗೆ ಬಂದವಳೇ ಚೀಲ ಎಸೆದು ಮುಖ ಊದಿಸಿಕೊಂಡು ಕುಳಿತಳು.

“ಅಲ್ಲಿ ಬರೀ ಹಿಮ ತಾತ. ಹಿಮದಲ್ಲಿ ಯಾರು ಚಿತ್ರ ಬರೀತಾರೆ?”

ನಾನು ಮೂವತ್ತು ವರ್ಷ ಚಿತ್ರಕಲೆ ಕಲಿಸಿದ ಮೇಷ್ಟ್ರು. ಅಷ್ಟು ಬೇಗ ಬಿಡುವವನಲ್ಲ. ನನ್ನ ಹಳೆಯ ಟ್ರಂಕಿನಿಂದ ಒಂದು ಪುಸ್ತಕ ತೆಗೆದು, ಒಂದು ಚಿತ್ರ ತೋರಿಸಿದೆ. ಬಣ್ಣಬಣ್ಣದ ಗಾಜಿನ ಲೋಟಗಳು, ಒಂದರೊಳಗೊಂದು ಕೂತು ಪುಟ್ಟ ಗೋಪುರವಾಗಿದ್ದವು.

“ಇದನ್ನು ಮಾಡಿದವರು ಸಾರಾ ಹೊಪೆಯಾ ಅಂತ. ಫಿನ್‌ಲೆಂಡಿನ ಗಾಜಿನ ಕಲಾವಿದೆ. ಅವರ ಬಗ್ಗೆ ಬರಿ.”

“ಬರೀ ಲೋಟ!” ಎಂದಳು ಅವಳು.

“ಭಾನುವಾರ ನನ್ನ ಜೊತೆ ಬಾ. ಫಿನ್‌ಲೆಂಡಿನ ಲೋಟ ಅಂದರೆ ಏನು ಅಂತ ಕೆಜಿಎಫ್‌ನಲ್ಲಿ ತೋರಿಸ್ತೀನಿ,” ಎಂದೆ.

ಕೆಜಿಎಫ್‌ಗೆ ಹೋಗುವುದಕ್ಕೆ ನನಗೆ ಇನ್ನೊಂದು ಕಾರಣವೂ ಇತ್ತು. ಅಲ್ಲಿ ನನ್ನ ಅಕ್ಕ ಇದ್ದಾಳೆ. ವಯಸ್ಸು ಎಪ್ಪತ್ತೆಂಟು, ಮಂಡಿನೋವು, ಮನೆಯಲ್ಲಿ ಒಬ್ಬಳೇ. ಬೆಂಗಳೂರಿನಲ್ಲಿರುವ ಮಗ ಬಂದುಬಿಡು ಅಂತ ಕರೆಯುತ್ತಲೇ ಇದ್ದಾನೆ. ಈ ಸಲ ಅವಳೂ “ಆಯ್ತು” ಅಂದಿದ್ದಳು. ಸಾಮಾನು ಕಟ್ಟಲು ಕೈ ಕೊಡಬೇಕು ಅಂತ ನನಗೆ ಫೋನ್ ಬಂದಿತ್ತು.

ಬೆಂಗಳೂರಿನಿಂದ ಹೊರಟ ರೈಲು ವೈಟ್‌ಫೀಲ್ಡ್, ಮಾಲೂರು ದಾಟಿ ಬಂಗಾರಪೇಟೆಗೆ ಬರುತ್ತದೆ. ಬೋರ್ಡು ಕಂಡಕೂಡಲೇ ಪುಟ್ಟಿ ಕೇಳಿದಳು, “ಚಿನ್ನ ಸಿಗೋದಕ್ಕೇ ಬಂಗಾರಪೇಟೆ ಅಂತಾನಾ ತಾತ?” ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಿಜವಾಗಿ ಇದು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರು. ಪಕ್ಕದಲ್ಲೇ ಚಿನ್ನ ಸಿಕ್ಕಿತು. ಜನರ ನಾಲಗೆಯಲ್ಲಿ ಬೌರಿಂಗ್ ಹೊರಳಿ ಬಂಗಾರವಾಯಿತು. ಇಲ್ಲಿಂದ ಒಂದು ಹಳಿ ಕವಲೊಡೆದು ಗಣಿಗಳ ಕಡೆ ಹೋಗುತ್ತದೆ. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ. ಅಲ್ಲಿಗೆ ಹಳಿ ಮುಗಿಯುತ್ತದೆ. ಮುಂದೆ ಎಲ್ಲಿಗೂ ಹೋಗದ ಹಳಿ ಅದು, ಗಣಿಗಾಗಿಯೇ ಹಾಕಿದ್ದು.

ಊರ್ಗಾಂ ಹತ್ತಿರವಾಗುತ್ತಿದ್ದಂತೆ ಕಿಟಕಿಯಾಚೆ ಆ ಬಿಳಿಚಿದ ಗುಡ್ಡಗಳು ಕಾಣಿಸಿದವು. ತಲೆ ಚಪ್ಪಟೆ, ಮೈತುಂಬ ಮಳೆ ಕೊರೆದ ಗೀರು. ಸಿನಿಮಾದಲ್ಲಿ ನೋಡಿದ್ದ ಪುಟ್ಟಿ ಗುರುತು ಹಿಡಿದಳು. ಅವು ದೇವರು ಮಾಡಿದ ಗುಡ್ಡಗಳಲ್ಲ. ನಮ್ಮಪ್ಪ, ಅವರ ಅಪ್ಪ, ಅವರಂಥ ಸಾವಿರಾರು ಜನ ಮಾಡಿದವು. ನೆಲದಡಿಯಿಂದ ಕಲ್ಲು ತಂದು, ಹಿಟ್ಟಿನಂತೆ ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯನ್ನು ಇಲ್ಲಿ ಸುರಿದರು. ಅದಕ್ಕೇ ಊರವರು ಇವನ್ನು ಸೈನೈಡ್ ಗುಡ್ಡ ಅನ್ನುತ್ತಾರೆ. ಒಟ್ಟು ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಇದೆ. ಗಾಳಿಗಾಲದಲ್ಲಿ ಆ ಧೂಳು ಮನೆಯೊಳಗೂ ಬರುತ್ತದೆ. ಮಕ್ಕಳು ಆ ಗುಡ್ಡ ಹತ್ತಿ ಆಡಬಾರದು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲೆಂಡಿನ ಕಂಪನಿ ಇಲ್ಲಿ ಕೆಲಸ ಶುರು ಮಾಡಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕರೆಂಟು ಬಂತು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ನಮ್ಮ ಊರೇ ಮೂರು ವರ್ಷ ಮುಂದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

“800 ಟನ್ ಚಿನ್ನ, ಮೂರು ಕೋಟಿ ಟನ್ ಪುಡಿ,” ಎಂದು ಪುಟ್ಟಿ ಬೆರಳು ಮಡಿಸಿ ಲೆಕ್ಕ ಹಾಕಿದಳು. “ಅಂದ್ರೆ ಈ ಊರಲ್ಲಿ ಚಿನ್ನಕ್ಕಿಂತ ಪುಡಿಯೇ ಜಾಸ್ತಿ!”

“ಸರಿಯಾಗಿ ಹೇಳಿದೆ. ಆ ಪುಡಿಯಲ್ಲಿ ಏನಿದೆ ಗೊತ್ತಾ? ಇಲ್ಲಿ ಚಿನ್ನ ಅಡಗಿದ್ದದ್ದು ಬಿಳಿ ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲು ಅಂದರೆ ಸಿಲಿಕಾ. ಗಾಜಿನ ಮೂಲವೂ ಸಿಲಿಕಾನೇ.”

ಅವಳು ಥಟ್ಟನೆ ನನ್ನ ಕಡೆ ತಿರುಗಿದಳು. ಫಿನ್‌ಲೆಂಡ್ ಸ್ವಲ್ಪ ಹತ್ತಿರ ಬಂದಿತ್ತು.

ಚಾಂಪಿಯನ್‌ನಲ್ಲಿ ಇಳಿದು ನಡೆದೆವು. ಅಕ್ಕನದು ಲೈನ್ ಮನೆ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಮನೆಗಳು, ತಗ್ಗು ಮಾಡು, ಒಂದು ಕೋಣೆ, ಹಿಂದೆ ಅಡುಗೆಗೆ ಒಂದು ಪುಟ್ಟ ಜಾಗ. ಆ ಒಂದು ಕೋಣೆಯಲ್ಲಿ ನಾವು ಏಳು ಜನ ಬೆಳೆದೆವು. ಮುಂದೆ ಭಾವನೂ ಗಣಿಗೇ ಸೇರಿದ್ದರಿಂದ ಅಕ್ಕನ ಸಂಸಾರವೂ ಅಂಥದೇ ಮನೆಯಲ್ಲಿ ನಡೆಯಿತು.

“ಬಾಮ್ಮಾ, ಎಷ್ಟು ಉದ್ದ ಆಗಿಬಿಟ್ಟಿದ್ದೀಯ!” ಎಂದು ಅಕ್ಕ ಪುಟ್ಟಿಯ ಗಲ್ಲ ಸವರಿದಳು. ನನಗೆ, “ಏನೋ ತಮ್ಮ, ಖಾಲಿ ಕೈಲಿ ಬಂದಿದ್ದೀಯ, ಹಗ್ಗ ತರೋಕೆ ಹೇಳಿರಲಿಲ್ವಾ?” ಎಂದು ಬೈದಳು. ಕೋಣೆಯ ಮಧ್ಯೆ ನಾಲ್ಕು ರಟ್ಟಿನ ಪೆಟ್ಟಿಗೆ ಬಾಯಿ ತೆರೆದು ಕೂತಿದ್ದವು. ಒಂದೂ ತುಂಬಿರಲಿಲ್ಲ.

ಗೋಡೆಯ ಹಲಗೆಯ ಮೇಲೆ ಸ್ಟೀಲ್ ಲೋಟಗಳ ಗೋಪುರ, ಅದರ ಪಕ್ಕ ಆರು ಗಾಜಿನ ಲೋಟಗಳ ಗೋಪುರ. ಅಮ್ಮ ಆಂಡರ್ಸನ್‌ಪೇಟೆಯ ಸಂತೆಯಲ್ಲಿ ಕೊಂಡದ್ದು. ದಪ್ಪ ಗಾಜು, ತಳ ಕಿರಿದು, ಬಾಯಿ ಅಗಲ. ಪುಟ್ಟಿಯ ಕಣ್ಣು ಅಲ್ಲೇ ನಿಂತಿತು.

“ಪುಸ್ತಕದಲ್ಲಿದ್ದ ಹಾಗೇ ಇದೆ ತಾತ!”

“ಹಾಗೇ ಇಲ್ಲ, ಆದರೆ ಯೋಚನೆ ಒಂದೇ. ಈಗ ಕೇಳು,” ಎಂದು ನಾನು ಚಾಪೆಯ ಮೇಲೆ ಕುಳಿತೆ. ಅಕ್ಕನೂ ಹಳೆಯ ಸೀರೆ ಮಡಿಸುತ್ತಾ ಕಿವಿಗೊಟ್ಟಳು.

ಸಾರಾ ಹೊಪೆಯಾ ಹುಟ್ಟಿದ್ದು 1925ರಲ್ಲಿ, ಪೊರ್ವೊ ಎಂಬ ಊರಿನಲ್ಲಿ. ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಪೂರ್ವಕ್ಕೆ ಸುಮಾರು ಐವತ್ತು ಕಿಲೋಮೀಟರ್. ನದಿಯ ದಂಡೆಯಲ್ಲಿ ಕೆಮ್ಮಣ್ಣು ಬಣ್ಣದ ಮರದ ಕಟ್ಟಡಗಳ ಸಾಲು ಇರುವ ಹಳೆಯ ಊರು. ಸಾರಾ ಅವರ ತಂದೆ ಓಸಿಯನ್ ಹೊಪೆಯಾ ಅಲ್ಲಿ ಅಕ್ಕಸಾಲಿಗರು. ಫಿನ್ನಿಶ್ ಭಾಷೆಯಲ್ಲಿ ಹೊಪೆಯಾ ಅಂದರೆ ಏನು ಗೊತ್ತೇ? ಬೆಳ್ಳಿ! ಅಂದರೆ ಆ ಅಮ್ಮ ಬೆಳ್ಳಿಯವರ ಮನೆಯ ಹೆಣ್ಣುಮಗಳು.

“ನಾವು ಚಿನ್ನದ ಊರಿನವರು, ಅವಳು ಬೆಳ್ಳಿ ಮನೆಯವಳು. ಸರಿ, ಮುಂದೆ ಹೇಳು,” ಎಂದಳು ಅಕ್ಕ.

ಸಾರಾ ಹೆಲ್ಸಿಂಕಿಗೆ ಹೋಗಿ ಮನೆಯ ಒಳಾಂಗಣ ವಿನ್ಯಾಸ ಕಲಿತರು. ಎರಡನೇ ಮಹಾಯುದ್ಧದ ಕಾಲ ಅದು. ಯುದ್ಧ ಮುಗಿದಾಗ ಫಿನ್‌ಲೆಂಡ್ ಬಹಳ ಬಡವಾಗಿತ್ತು. ಸೋವಿಯತ್ ಒಕ್ಕೂಟಕ್ಕೆ ಯುದ್ಧದ ಪರಿಹಾರವಾಗಿ ಯಂತ್ರ, ಹಡಗುಗಳನ್ನು ಕಟ್ಟಿಕೊಡಬೇಕಿತ್ತು. ಅದು ತೀರಿದ್ದು 1952ರಲ್ಲಿ. ಮನೆ ಕಳೆದುಕೊಂಡ ಲಕ್ಷಾಂತರ ಜನರಿಗೆ ಹೊಸ ಮನೆ ಬೇಕಿತ್ತು. ಕಟ್ಟಿದ ಮನೆಗಳು ಚಿಕ್ಕವು, ಕಪಾಟುಗಳೂ ಚಿಕ್ಕವು. ಸಾರಾ ಮೊದಲು ಪೀಠೋಪಕರಣ, ಆಮೇಲೆ ದೀಪಗಳ ವಿನ್ಯಾಸ ಮಾಡಿದರು. 1952ರ ಹೊತ್ತಿಗೆ ನೂತಾಯಾರ್ವಿ ಎಂಬ ಹಳ್ಳಿಯ ಗಾಜಿನ ಕಾರ್ಖಾನೆ ಸೇರಿದರು. ಯಾರ್ವಿ ಅಂದರೆ ಕೆರೆ. ನಮ್ಮಲ್ಲಿ ಕೆರೆಯ ಹೆಸರಿನ ಊರುಗಳಿಲ್ಲವೇ, ಹಾಗೆ. 1793ರಲ್ಲಿ ಶುರುವಾದ ಕಾರ್ಖಾನೆ ಅದು.

ಅಲ್ಲಿ ಕಾಯ್ ಫ್ರಾಂಕ್ ಎಂಬ ಹಿರಿಯ ಕಲಾವಿದರು ಇದ್ದರು. ಬಡವರ ಮನೆಯ ಪಾತ್ರೆಯೂ ಚೆನ್ನಾಗಿರಬೇಕು, ಅದರಲ್ಲಿ ಬೇಡದ ಅಲಂಕಾರ ಇರಬಾರದು ಎಂಬುದು ಅವರ ನಂಬಿಕೆ. ಸಾರಾ ಕೂಡ ಹಾಗೇ ಯೋಚಿಸಿದರು. ಚಿಕ್ಕ ಕಪಾಟಿನಲ್ಲಿ ಆರು ಲೋಟ ಇಡಬೇಕು, ಆದರೆ ಜಾಗ ಇರುವುದು ಒಂದಕ್ಕೆ ಮಾತ್ರ. ಏನು ಮಾಡುವುದು? ಒಂದರೊಳಗೊಂದು ಕೂರುವ ಲೋಟ ಮಾಡುವುದು! ಬೇರೆ ಬೇರೆ ಬಣ್ಣದ ಗಾಜಿನಲ್ಲಿ ಮಾಡಿದ್ದರಿಂದ, ಮೇಜಿನ ಮೇಲಿದ್ದಾಗ ಬಳಸುವ ಲೋಟ. ಕೆಲಸ ಮುಗಿದು ಕಪಾಟಿಗೆ ಹೋದಾಗ ಬಣ್ಣದ ಗೋಪುರ. 1954ರಲ್ಲಿ ಇಟಲಿಯ ಮಿಲಾನ್ ನಗರದ ದೊಡ್ಡ ಪ್ರದರ್ಶನದಲ್ಲಿ ಅವರಿಗೆ ಪದಕ ಬಂತು. 1957ರಲ್ಲಿ ಇನ್ನೊಂದು.

“ಚಿನ್ನದ ಪದಕವಾ?” ಎಂದಳು ಪುಟ್ಟಿ.

“ಬೆಳ್ಳಿಯದು! ಎರಡೂ ಸಲ ಬೆಳ್ಳಿ!”

ಅಕ್ಕ ಜೋರಾಗಿ ನಕ್ಕಳು. “ಹೆಸರಿಗೆ ತಕ್ಕ ಪದಕ ಕೊಟ್ಟಿದ್ದಾರೆ ಬಿಡು. ಆದ್ರೆ ಇದರಲ್ಲಿ ಅವಳು ಹೊಸದೇನು ಮಾಡಿದಳು? ನಮ್ಮಮ್ಮ ಈ ಗೂಡಲ್ಲಿ ದಿನಾ ಲೋಟ ಪೇರಿಸ್ತಾ ಇರ್ಲಿಲ್ವಾ?”

ಪ್ರಶ್ನೆ ಸರಿಯಾದದ್ದೇ. ನಾನು ಸ್ಟೀಲ್ ಗೋಪುರದಿಂದ ಒಂದು ಲೋಟ ಎಳೆದೆ, ಬರಲಿಲ್ಲ. ಕೆಳಗಿನದು ಕಚ್ಚಿಕೊಂಡಿತ್ತು. ಎಲ್ಲರ ಮನೆಯಲ್ಲೂ ಹೀಗಾಗುತ್ತದೆ. ಸ್ಟೀಲ್ ಆದರೆ ಬಡಿದು ಬಿಡಿಸಬಹುದು, ಗಾಜಾದರೆ ಒಡೆಯುತ್ತದೆ. ಗಾಜು ಕಚ್ಚಿಕೊಳ್ಳದೆ ಕೂರಬೇಕಾದರೆ ಮೇಲಿನ ಲೋಟಕ್ಕೆ ಒಂದು ಕೂರುವ ಜಾಗ ಬೇಕು, ಗೋಡೆಯ ಓರೆ ಅಳತೆಗೆ ಸರಿಯಾಗಿರಬೇಕು, ತುಟಿಗೆ ತಾಗುವ ಅಂಚು ತೆಳುವಾಗಿದ್ದೂ ಮುಕ್ಕಾಗಬಾರದು. ಅಂಥ ವಿನ್ಯಾಸವನ್ನು ಕಾಗದದ ಮೇಲೆ ಬರೆದು, ಕುಲುಮೆಯ ಮುಂದೆ ನಿಂತ ಊದುಗಾರರೊಂದಿಗೆ ಮತ್ತೆಮತ್ತೆ ನೋಡಿ ತಿದ್ದಬೇಕು. ಅಮ್ಮ ಪೇರಿಸಿದ್ದು ಅಭ್ಯಾಸದಿಂದ. ಸಾರಾ ಆ ಅಭ್ಯಾಸವನ್ನು ಮೊದಲೇ ಯೋಚಿಸಿ ಲೋಟವನ್ನೇ ಅದಕ್ಕೆ ತಕ್ಕ ಹಾಗೆ ಮಾಡಿದರು. ಅಮ್ಮನಂಥವರ ಕೈ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿ ತಿಳಿದ ವಿದ್ಯೆ ಅದು.

“ಹಾಗಾದ್ರೆ ಸರಿ,” ಎಂದಳು ಅಕ್ಕ, ತುಸು ಹೆಮ್ಮೆಯಿಂದ.

ಅಮ್ಮನ ಗಾಜಿನ ಲೋಟಗಳಲ್ಲೂ ಎರಡು ಕಚ್ಚಿಕೊಂಡಿದ್ದವು. ಪುಟ್ಟಿಗೆ ಒಂದು ಉಪಾಯ ತೋರಿಸಿದೆ. ನೀವೂ ದೊಡ್ಡವರ ಜೊತೆ ಮಾಡಿ ನೋಡಿ. ಮೇಲಿನ ಲೋಟದೊಳಗೆ ತಣ್ಣೀರು ಹಾಕಿ, ಕೆಳಗಿನ ಲೋಟವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ. ತಣ್ಣಗಾದ ಒಳಲೋಟ ಕೂದಲೆಳೆಯಷ್ಟು ಕುಗ್ಗುತ್ತದೆ, ಬೆಚ್ಚಗಾದ ಹೊರಲೋಟ ಅಷ್ಟೇ ಹಿಗ್ಗುತ್ತದೆ. ಮೆಲ್ಲಗೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಕುದಿನೀರು ಮಾತ್ರ ಬೇಡ, ಗಾಜು ಸೀಳುತ್ತದೆ. ಎರಡು ನಿಮಿಷದಲ್ಲಿ ಲೋಟ ಬಿಡಿಸಿಕೊಂಡಾಗ ಪುಟ್ಟಿ ಕುಣಿದಳು.

ಆಗ ಅಕ್ಕ ಎದ್ದು, ದೇವರ ಗೂಡಿನ ಹಿಂದಿನಿಂದ ಬಟ್ಟೆಯ ಗಂಟೊಂದನ್ನು ತಂದಳು. ನನಗೆ ಗೊತ್ತಿತ್ತು ಅದೇನೆಂದು. ನಾನು ಅದನ್ನು ನೋಡಿ ನಲವತ್ತು ವರ್ಷವಾಗಿತ್ತು. ನಿಂಬೆಹಣ್ಣಿನಷ್ಟು ದೊಡ್ಡದು, ಕಪ್ಪು ಹಸಿರು, ಹೊಳೆಯುವ ಮೈ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಎಳೆ ಹಸಿರು ಬೆಳಗುತ್ತದೆ.

ನಮ್ಮಪ್ಪ ಗಣಿಯ ಅಸೇ ಆಫೀಸಿನಲ್ಲಿ ಸಹಾಯಕರಾಗಿದ್ದರು. ಇಂದು ತೆಗೆದ ಕಲ್ಲಿನಲ್ಲಿ ಟನ್ನಿಗೆ ಎಷ್ಟು ಗ್ರಾಂ ಚಿನ್ನ ಇದೆ ಎಂದು ಅಳೆಯುವ ಜಾಗ ಅದು. ಅಳೆಯುವುದು ಹೇಗೆ? ಕಲ್ಲಿನ ಪುಡಿಗೆ ಸೀಸದ ಪುಡಿ, ಸೋಡಾ, ಬಿಳಿಗಾರ ಬೆರೆಸಿ ಮಣ್ಣಿನ ಮೂಸೆಯಲ್ಲಿ ಹಾಕಿ ಕುಲುಮೆಯಲ್ಲಿ ಇಡುತ್ತಾರೆ. ಕಲ್ಲು ಕರಗುತ್ತದೆ. ಸೀಸ ಹನಿಹನಿಯಾಗಿ ಕೆಳಗಿಳಿಯುತ್ತಾ ಚಿನ್ನ ಬೆಳ್ಳಿಯನ್ನೆಲ್ಲ ತನ್ನೊಳಗೆ ಹಿಡಿದುಕೊಂಡು ತಳದಲ್ಲಿ ಗುಂಡಿಯಂತೆ ಸೇರುತ್ತದೆ. ಮೇಲೆ ಉಳಿಯುವ ಕರಗಿದ ಕಲ್ಲು ತಣ್ಣಗಾದಾಗ ಗಾಜಾಗುತ್ತದೆ. ಆ ಗಾಜನ್ನು ಸುತ್ತಿಗೆಯಿಂದ ಬಡಿದು ಬಿಸಾಡಿ, ಸೀಸದ ಗುಂಡಿಯನ್ನು ಮೂಳೆ ಬೂದಿಯ ಬಟ್ಟಲಲ್ಲಿ ಮತ್ತೆ ಕಾಯಿಸಿದರೆ ಬಟ್ಟಲು ಸೀಸವನ್ನು ಕುಡಿದುಬಿಡುತ್ತದೆ. ಸಾಸಿವೆಗಿಂತ ಸಣ್ಣ ಮಣಿಯೊಂದು ಉಳಿಯುತ್ತದೆ. ಅದರಲ್ಲಿನ ಬೆಳ್ಳಿಯನ್ನು ಆಸಿಡ್‌ನಲ್ಲಿ ಕಳೆದು, ಚಿನ್ನವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಾರೆ.

ಅಂದರೆ ನಮ್ಮ ಚಿನ್ನದ ಊರಿನಲ್ಲಿ ದಿನವೂ ಗಾಜು ಹುಟ್ಟುತ್ತಿತ್ತು, ದಿನವೂ ಕಸಕ್ಕೆ ಹೋಗುತ್ತಿತ್ತು. ಬೇಡವಾದ ಒಂದು ತುಂಡನ್ನು ಅಪ್ಪ ಮೇಲಿನವರನ್ನು ಕೇಳಿ ಮನೆಗೆ ತಂದಿದ್ದರು. ಅದರಲ್ಲಿ ಸೀಸ ಇರುತ್ತದೆ, ಬಾಯಿಗೆ ಹಾಕಬಾರದು, ಮುಟ್ಟಿದರೆ ಕೈ ತೊಳೆಯಬೇಕು ಎಂದು ಹೇಳಿ, ಬಟ್ಟೆಯಲ್ಲಿ ಸುತ್ತಿಯೇ ಕೊಟ್ಟಿದ್ದರು. “ಚಿನ್ನ ಕಂಪನಿದು, ಇದು ನಮ್ಮದು” ಎಂದು ನಗುತ್ತಿದ್ದರು. ಅಮ್ಮನ ಕೈಯಲ್ಲಿ ಕೊನೆಯವರೆಗೂ ಹಸಿರು ಗಾಜಿನ ಬಳೆಗಳೇ ಇದ್ದವು. ಚಿನ್ನ ತೆಗೆಯುವವರ ಮನೆಗಳಲ್ಲಿ ಹೆಚ್ಚಾಗಿ ಹೊಳೆಯುತ್ತಿದ್ದದ್ದು ಗಾಜೇ.

“ಹಾಗಾದ್ರೆ ಚಿನ್ನಕ್ಕೂ ಗಾಜಿಗೂ ಜಗಳವೇ?” ಎಂದಳು ಪುಟ್ಟಿ. “ಒಂದು ಬೇಕು, ಒಂದು ಬೇಡ.”

ಜಗಳವಿಲ್ಲ, ಹಳೆಯ ಸ್ನೇಹ. ಕರಗಿದ ಗಾಜಿಗೆ ಚೂರೇ ಚೂರು ಚಿನ್ನ ಬೆರೆಸಿ, ಸರಿಯಾಗಿ ಕಾಯಿಸಿದರೆ ಗಾಜು ಹಳದಿಯಾಗುವುದಿಲ್ಲ, ಮಾಣಿಕ್ಯದಂತೆ ಕೆಂಪಾಗುತ್ತದೆ! ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ಬೆಳಕನ್ನು ಹಾಗೆ ಬದಲಿಸುತ್ತವೆ. ಇನ್ನೊಂದು ಸ್ನೇಹ ಮೀನಾಕಾರಿಯದು. ಬಣ್ಣದ ಗಾಜನ್ನು ನುಣ್ಣಗೆ ಅರೆದು, ಚಿನ್ನ ಬೆಳ್ಳಿ ತಾಮ್ರದ ಮೇಲೆ ಹಚ್ಚಿ, ಕುಲುಮೆಯಲ್ಲಿ ಸುಟ್ಟರೆ ಗಾಜು ಕರಗಿ ಲೋಹಕ್ಕೆ ಅಂಟುತ್ತದೆ. ಜೈಪುರದ ಒಡವೆಗಳಲ್ಲಿ ಕಾಣುವ ಹಸಿರು ಕೆಂಪು ಬಣ್ಣ ಹಾಗೆ ಬಂದದ್ದು. ಇಂಗ್ಲಿಷಿನಲ್ಲಿ ಎನಾಮೆಲ್ ಅನ್ನುತ್ತಾರೆ.

ಸಾರಾ ಕೊನೆಗೆ ಬಂದು ಸೇರಿದ್ದೂ ಇಲ್ಲಿಗೇ. 1959ರಲ್ಲಿ ಅವರು ನೂತಾಯಾರ್ವಿ ಬಿಟ್ಟರು. ಮರುವರ್ಷ ಓಪಿ ಅನ್‌ಟ್ರಾಕ್ಟ್ ಎಂಬ ಅಮೆರಿಕದ ಲೋಹ ಕಲಾವಿದರನ್ನು ಮದುವೆಯಾದರು. ಅಪ್ಪನ ಅಕ್ಕಸಾಲೆಗೆ ಒಡವೆಗಳ ವಿನ್ಯಾಸ ಮಾಡಿದರು. ಎನಾಮೆಲ್ ಕೆಲಸವನ್ನು ಕೈಗೆತ್ತಿಕೊಂಡು ತಾಮ್ರದ ಬಟ್ಟಲುಗಳ ಮೇಲೆ ಗಾಜಿನ ಬಣ್ಣಗಳನ್ನು ಕರಗಿಸಿದರು. ಅಕ್ಕಸಾಲಿಗನ ಮಗಳು ಗಾಜಿನ ಕಡೆ ಹೋಗಿ, ಮತ್ತೆ ಗಾಜನ್ನೂ ಲೋಹವನ್ನೂ ಒಂದೇ ಬಟ್ಟಲಲ್ಲಿ ಕೂಡಿಸಿದಳು. 1960ರ ದಶಕದಲ್ಲಿ ಗಂಡ ಹೆಂಡತಿ ಇಬ್ಬರೂ ನೇಪಾಳ ಮತ್ತು ನಮ್ಮ ಭಾರತದಲ್ಲಿ ವಾಸವಾಗಿದ್ದರು. ಇಲ್ಲಿನ ಅಕ್ಕಸಾಲಿಗರ, ಕಂಚುಗಾರರ ಕೆಲಸ ನೋಡಿದರು. ಓಪಿ ಮುಂದೆ 1997ರಲ್ಲಿ ಭಾರತದ ಸಾಂಪ್ರದಾಯಿಕ ಒಡವೆಗಳ ಬಗ್ಗೆ ಒಂದು ಬೃಹತ್ ಪುಸ್ತಕವನ್ನೇ ಹೊರತಂದರು. 1967ರಲ್ಲಿ ಇಬ್ಬರೂ ಪೊರ್ವೊಗೆ ಮರಳಿದರು. ಸಾರಾ ಹುಟ್ಟಿದ ಊರಿನಲ್ಲೇ ಕೆಲಸ ಮಾಡುತ್ತಾ 1984ರಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೆಂಟು.

“ಇಂಡಿಯಾಗೆ ಬಂದಿದ್ರಾ!” ಎಂದ ಪುಟ್ಟಿ ನೋಟ್‌ಬುಕ್ ತೆಗೆದು ಗೀಚತೊಡಗಿದಳು.

ಅಕ್ಕ ಮಾತ್ರ ಆ ಗಾಜಿನ ಉಂಡೆಯನ್ನು ಬಟ್ಟೆಯ ಮೇಲೆಯೇ ಆಡಿಸುತ್ತಾ ಕೇಳಿದಳು, “ಆ ಕಾರ್ಖಾನೆ ಇದ್ಯಾ ಈಗ?”

“ಇಲ್ಲ ಅಕ್ಕ. 2014ರಲ್ಲಿ ಅಲ್ಲಿ ಉತ್ಪಾದನೆ ನಿಲ್ಲಿಸಿ, ಬೇರೆ ಊರಿನ ಕಾರ್ಖಾನೆಗೆ ಸೇರಿಸಿದರು.”

“ಇನ್ನೂರು ವರ್ಷಕ್ಕೂ ಹೆಚ್ಚು ಉರಿದ ಕುಲುಮೆ ಆರಿಸಿದ್ರಾ?” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಆಮೇಲೆ ಆ ಊರವರು ಏನು ಮಾಡಿದ್ರು?”

ಈ ಪ್ರಶ್ನೆ ಯಾವ ಊರಿನದು ಎಂದು ನನಗೆ ಅರ್ಥವಾಯಿತು. ಗಣಿ ಮುಚ್ಚಿದ ವರ್ಷ ಭಾವನಿಗೆ ಐವತ್ತೆರಡು. ಜೀವನವೆಲ್ಲ ನೆಲದಡಿ ಕೆಲಸ ಮಾಡಿದವರು, ಆಮೇಲೆ ಹನ್ನೊಂದು ವರ್ಷ ನಸುಕಿನ ರೈಲು ಹತ್ತಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲು ನಿಂತರು. ರಾತ್ರಿ ಮನೆ ಸೇರುತ್ತಿದ್ದರು. ಇಂದಿಗೂ ಈ ಊರಿನಿಂದ ದಿನವೂ ಸಾವಿರಾರು ಜನ ಹಾಗೆಯೇ ಹೋಗಿ ಬರುತ್ತಾರೆ. ಸೈರನ್ ನಿಂತಿತು, ರೈಲಿನ ಶಿಳ್ಳೆ ಉಳಿಯಿತು.

“ಕೆಲವರು ಊರು ಬಿಟ್ಟರು ಅಕ್ಕ. ಕೆಲವರು ಅಲ್ಲೇ ಸಣ್ಣ ಕುಲುಮೆ ಹಾಕಿಕೊಂಡು ಈಗಲೂ ಗಾಜು ಊದುತ್ತಾರೆ. ನೋಡಲು ಜನ ಹೋಗ್ತಾರೆ.”

“ಇಬ್ಬರದೂ ತಪ್ಪಲ್ಲ ಬಿಡು,” ಎಂದಳು ಅಕ್ಕ.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಉಂಡು ಸಾಮಾನು ಕಟ್ಟಲು ಶುರು ಮಾಡಿದೆವು. ಸೀರೆಗಳು ಒಂದು ಪೆಟ್ಟಿಗೆ. ಪಾತ್ರೆಗಳು ಒಂದು ಪೆಟ್ಟಿಗೆ. ಭಾವನ ಫೋಟೊ, ಅವರ ಗಣಿಯ ಹೆಲ್ಮೆಟ್ ಒಂದು ಪೆಟ್ಟಿಗೆ. ನಾಲ್ಕನೆಯದು ಖಾಲಿ ಉಳಿಯಿತು. ಒಂದು ಬದುಕು ಮೂರು ಪೆಟ್ಟಿಗೆಯಲ್ಲಿ ಹಿಡಿಸಿಬಿಟ್ಟಿತಲ್ಲ ಎಂದು ನನಗೆ ಗಂಟಲು ಕಟ್ಟಿತು. ಅಕ್ಕ ಅದನ್ನು ನೋಡಿ, “ಪೇರಿಸೋದು ಗೊತ್ತಿದ್ರೆ ಎಲ್ಲಾ ಹಿಡಿಸ್ತದೆ ಕಣೋ, ಆ ಬೆಳ್ಳಿಯಮ್ಮ ಹೇಳಿಲ್ವಾ?” ಎಂದಳು.

ಗಾಜಿನ ಉಂಡೆ ಪೆಟ್ಟಿಗೆಗೆ ಹೋಗಲಿಲ್ಲ. ಪುಟ್ಟಿಯ ಕಣ್ಣು ಅದರ ಮೇಲಿತ್ತು. ತರಗತಿಯಲ್ಲಿ ತೋರಿಸಿದರೆ ಎಷ್ಟು ಚೆನ್ನ! ಆದರೆ ಅವಳು ಕೇಳಲಿಲ್ಲ. ಬಾಗಿಲ ಬಳಿ ಬೆಳಕಿನಲ್ಲಿ ಅದನ್ನಿಟ್ಟು, ಅರ್ಧ ಗಂಟೆ ಕೂತು, ಬಣ್ಣದ ಪೆನ್ಸಿಲಿನಲ್ಲಿ ಅದರ ಚಿತ್ರ ಬರೆದಳು. ಅಂಚಿನ ಎಳೆ ಹಸಿರು ಸರಿಯಾಗಿ ಬಂದಿತ್ತು. ಮೇಷ್ಟ್ರಾಗಿ ಹೇಳುತ್ತಿದ್ದೇನೆ, ತಾತನಾಗಿ ಅಲ್ಲ. ಆಮೇಲೆ ಹೇಳದೆಯೇ ಹೋಗಿ ಕೈ ತೊಳೆದುಕೊಂಡಳು.

ಅಕ್ಕ ಚಿತ್ರವನ್ನು ಬಹಳ ಹೊತ್ತು ನೋಡಿದಳು. “ಉಂಡೆ ನನ್ನ ಜೊತೆ ಬರ್ತದೆ, ಅದನ್ನ ಕೊಡೋಕಾಗಲ್ಲಮ್ಮಾ,” ಎಂದಳು. ಆಮೇಲೆ ಹಲಗೆಯ ಮೇಲಿನ ಗೋಪುರದಿಂದ ಮೇಲಿನ ಲೋಟ ತೆಗೆದು, ಸೆರಗಿನಲ್ಲಿ ಒರೆಸಿ, ಟವೆಲ್ಲಿನಲ್ಲಿ ಸುತ್ತಿ ಅವಳ ಕೈಗಿಟ್ಟಳು. “ಇದು ನಿನಗೆ. ಮುತ್ತಜ್ಜಿದು. ಐದು ನನಗೆ. ಗೋಪುರ ಸ್ವಲ್ಪ ಗಿಡ್ಡ ಆಗ್ತದೆ, ಅಷ್ಟೇ.”

“ಯಾವತ್ತು ಹೊರಡ್ತೀರಾ ದೊಡ್ಡಜ್ಜಿ?”

“ಯುಗಾದಿ ಹಬ್ಬ ಇಲ್ಲೇ ಮಾಡಿಬಿಡ್ತೀನಿ. ಆಮೇಲೆ,” ಎಂದಳು ಅಕ್ಕ. ಫೋನಿನಲ್ಲಿ ಹೇಳಿದ್ದು ಮುಂದಿನ ವಾರ ಎಂದು. ನಾನು ಏನೂ ಹೇಳಲಿಲ್ಲ.

ಸಂಜೆ ಬಂಗಾರಪೇಟೆಯಲ್ಲಿ ಇಳಿದೆವು. ಇಲ್ಲಿಗೆ ಬಂದು ಪಾನಿಪೂರಿ ತಿನ್ನದೆ ಹೋಗುವುದುಂಟೇ? ಬೇರೆ ಊರಿನಲ್ಲಿ ಪಾನಿ ಹಸಿರಾಗಿರುತ್ತದೆ. ಬಂಗಾರಪೇಟೆಯದು ನೀರಿನಷ್ಟೇ ತಿಳಿ. ನೋಡಿದರೆ ಬರೀ ನೀರು, ಕುಡಿದರೆ ಕಿವಿಯಲ್ಲಿ ಹೊಗೆ. ಪುಟ್ಟಿ ಟವೆಲ್ ಬಿಚ್ಚಿ, ಮುತ್ತಜ್ಜಿಯ ಲೋಟವನ್ನು ಅಂಗಡಿಯವರ ಮುಂದೆ ಚಾಚಿದಳು.

“ಇದಕ್ಕೆ ಹಾಕಿ ಅಣ್ಣ.”

ಅವರು ನಗುತ್ತಾ ಒಂದು ಸೌಟು ಪಾನಿ ಸುರಿದರು. ಬೀದಿದೀಪಕ್ಕೆ ಹಿಡಿದು ನೋಡಿದಳು. ಪಾನಿ ಯಾವುದು, ಗಾಜು ಯಾವುದು, ಗೆರೆಯೇ ಕಾಣಿಸಲಿಲ್ಲ. ಒಂದು ಗುಟುಕು ಕುಡಿದವಳ ಕಣ್ಣಲ್ಲಿ ನೀರು ಬಂತು, ಮೂಗೂ ಸೋರಿತು. ಆದರೂ ಲೋಟ ಖಾಲಿ ಮಾಡಿದಳು.

“ತಾತ, ನನ್ನ ಎರಡು ಪುಟದ ಮೊದಲ ಸಾಲು ಸಿಕ್ತು,” ಎಂದಳು ಮೂಗು ಒರೆಸಿಕೊಳ್ಳುತ್ತಾ. “ಫಿನ್‌ಲೆಂಡಿನ ಸಾರಾ ಹೊಪೆಯಾ ಮಾಡಿದ್ದು ನಮ್ಮ ಮುತ್ತಜ್ಜಿಯ ಮನೆಯಲ್ಲೂ ಬೇಕಾಗಿದ್ದ ವಸ್ತು.”

ಪ್ಲಾಟ್‌ಫಾರ್ಮಿಗೆ ಬಂದಾಗ ಎದುರಿನ ಹಳಿಯಲ್ಲಿ ಬೆಂಗಳೂರಿನ ಕಡೆಯಿಂದ ರೈಲು ಬಂದು ನಿಂತಿತು. ಊಟದ ಡಬ್ಬಿ ಹಿಡಿದವರು, ಕಾವಲಿನ ಸಮವಸ್ತ್ರದವರು, ಭಾನುವಾರವೂ ಕೆಲಸವಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಇಳಿದರು. ಕೆಲವರು ಆಟೋ ಕಡೆ ನಡೆದರು. ಉಳಿದವರು ಕಿಟಕಿ ಪಕ್ಕದ ಸೀಟಿನಲ್ಲಿ ತಲೆಯಾನಿಸಿ ಕೂತೇ ಇದ್ದರು. ಆ ರೈಲು ಮಾರಿಕುಪ್ಪಂವರೆಗೂ ಹೋಗುತ್ತದೆ. ಪುಟ್ಟಿ ಲೋಟವನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡಳು.